ರಿಪೇರಿಗೆ ಕೊಟ್ಟ ಕೋವಿ

ಶನಿವಾರ ಬೆಳಿಗ್ಗೆ ಏಳೂಕಾಲಿಗೆ ಪಕ್ಕದ ಮನೆಯ ಮರ್ಲ್ ಫೋನು ಮಾಡದೆ ಇದ್ದಿದ್ದರೆ, ಆರ್ವಿಡ್ ಟ್ವೀಟನ್ ಆ ದಿನವಿಡೀ ಗ್ಯಾರೇಜಿನ ಬಾಗಿಲಿಗೆ ಎಣ್ಣೆ ಬಿಟ್ಟುಕೊಂಡು ಸುಖವಾಗಿರುತ್ತಿದ್ದ. ಆದರೆ ಇನ್ನೊಬ್ಬರು ಸುಖವಾಗಿದ್ದಾರೆ ಅನ್ನಿಸಿದರೆ ಮರ್ಲನ ಕೈ ಸುಮ್ಮನಿರುವುದಿಲ್ಲ.

"ಲೋ ಆರ್ವಿಡ್, ಕೂತಿದೀಯೋ ನಿಂತಿದೀಯೋ?"

"ನಿಂತಿದೀನಿ. ಯಾಕೋ?"

"ಕೂತ್ಕೋ. ನಾನು ಕೋವಿ ಸಂತೇಲಿದೀನಿ, ಚಾಕು ಮಾರೋ ಮೇಜು ಹಾಕ್ಕೊಂಡು. ನನ್ನ ಎದುರಿನ ಮೇಜಲ್ಲಿ ನಿಮ್ಮಪ್ಪನ ಕೋವಿ ಮಲಗಿದೆ."

ಆರ್ವಿಡ್ ಕೂರಲಿಲ್ಲ. ಎಣ್ಣೆ ಡಬ್ಬಿ ಮಾತ್ರ ಕೈಯಿಂದ ಜಾರಿ ಕೂತಿತು.

"ಸರಿಯಾಗಿ ನೋಡ್ದೇನೋ?"

"ಒಂಟಿ ನಳಿಗೆ. ಹಿಡಿ ಸೀಳಿದೆ, ಸೀಳಿದ ಕಡೆ ತಾಮ್ರದ ತಂತಿ ಸುತ್ತಿದೆ. ಇನ್ನೇನು, ನಿಮ್ಮಪ್ಪನೂ ಪಕ್ಕದಲ್ಲಿ ನಿಂತಿರಬೇಕಿತ್ತಾ?"

ಈ ಕೋವಿಯ ಕತೆ ಡ್ರೈ ಫೋರ್ಕ್ ಊರಿನಲ್ಲಿ ಎಲ್ಲರಿಗೂ ಗೊತ್ತು. ಇಪ್ಪತ್ತೆರಡು ವರ್ಷದ ಕೆಳಗೆ ಇದೇ ಸಂತೆಯಲ್ಲಿ, ಥಳಥಳ ಹೊಳೆಯುವ ಒಂದು ಪಿಸ್ತೂಲಿನ ಮೋಹಕ್ಕೆ ಬಿದ್ದು, ಆರ್ವಿಡ್ ಅಪ್ಪನ ಹಳೆಯ ಕೋವಿಯನ್ನು ಯಾರೋ ಅಪರಿಚಿತನಿಗೆ ಬದಲಿ ಕೊಟ್ಟುಬಿಟ್ಟಿದ್ದ. ಶರತ್ಕಾಲ ಬಂತು, ಕಾಡುಕೋಳಿ ಬೇಟೆಗೆ ಹೊರಟಾಗ ಅಪ್ಪ ಹಾಲ್ವರ್ ಕೇಳಿದ: "ನನ್ನ ಕೋವಿ ಎಲ್ಲಪ್ಪಾ?" ಆರ್ವಿಡನ ಬಾಯಿಗೆ ಆ ಹೊತ್ತಿಗೆ ಬಂದದ್ದು ಒಂದೇ ಮಾತು: "ರಿಪೇರಿಗೆ ಕೊಟ್ಟಿದೀನಿ." ಮರುವರ್ಷ ಅಪ್ಪ ಕೇಳಿದ, "ರಿಪೇರಿ ಆಯ್ತಾ?" ಅದರ ಮರುವರ್ಷವೂ ಕೇಳಿದ. ಬೇರೆ ಕೋವಿ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಸೊಸೆ ಲವೋನಳ ಪಕ್ಕದಲ್ಲಿ ಟ್ರಕ್ಕಿನೊಳಗೆ ಕೂತು ಫ್ಲಾಸ್ಕಿನ ಕಾಫಿ ಕುಡಿಯುತ್ತ, ಮಗ ಗುರಿ ತಪ್ಪುವುದನ್ನು ನೋಡುತ್ತಿದ್ದ. ನಾಲ್ಕನೆಯ ವರ್ಷ ಕೇಳಲು ಅಪ್ಪ ಇರಲಿಲ್ಲ.

ಅಲ್ಲಿಂದ ಹಿಡಿದ ಚಟ ಇದು. ಒಂದು ಕೋವಿ ಕಳೆದದ್ದಕ್ಕೆ ಆರ್ವಿಡ್ ನಲವತ್ತಮೂರು ಕೋವಿ ಕೂಡಿಸಿದ. ನೆಲಮಾಳಿಗೆಯ ಎರಡು ಕಬ್ಬಿಣದ ಬೀರುಗಳಲ್ಲಿ ಅವು ಬಸ್ಸಿನಲ್ಲಿ ನಿಂತ ಜನರ ಹಾಗೆ ಒತ್ತಿಕೊಂಡು ನಿಂತಿದ್ದವು. ಪ್ರತಿ ಕೋವಿಯಿಂದಲೂ ಅವನು ಒಂದೊಂದು ಪಾಠ ಕಲಿತಿದ್ದ, ಕಲಿತದ್ದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದ. ನೂರು ವರ್ಷದ ಹಳೆಯ ಕೋವಿಯ ಕಪ್ಪನ್ನು ಒಂದು ಭಾನುವಾರ ಕೂತು ತಿಕ್ಕಿ ಬೆಳಗಿಸಿ, ಅದನ್ನು ಯಾರೂ ಮೂಸದ ಹಾಗೆ ಮಾಡಿದ ಮೇಲೆ ಬರೆದದ್ದು: "ಹಳೆಯದನ್ನು ತಿಕ್ಕಬಾರದು." ಕೋವಿಯ ಮೇಲೆ ಕೊರೆದ ನಂಬರನ್ನು ಬರೆದಿಟ್ಟುಕೊಳ್ಳಬೇಕು ಎಂಬ ಪಾಠವೂ ಅದರಲ್ಲಿತ್ತು. ಅಪ್ಪನ ಕೋವಿಯ ನಂಬರು ಮಾತ್ರ ಇರಲಿಲ್ಲ. ಮನೆಯದೇ ಕೋವಿ, ಅದರ ನಂಬರು ಯಾರು ಬರೆದಿಡುತ್ತಾರೆ?

ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಇದ್ದದ್ದು ಬೇರೆಯೇ: "ಬೇಕು ಅನ್ನುವುದು ಮುಖದಲ್ಲಿ ಕಾಣಬಾರದು."

ಅದಕ್ಕೇ ಸಂತೆಯ ಬಾಗಿಲಲ್ಲಿ ಮರ್ಲ್ ಅವನ ತೋಳು ಹಿಡಿದು ನಿಲ್ಲಿಸಿದ. "ನಿನ್ನ ಮುಖ ನೋಡು, ಮಗು ಹುಟ್ಟಿದ ಸುದ್ದಿ ಕೇಳಿದೋನ ಥರ ಇದೆ. ನೀನು ಆ ಮೇಜಿನ ಹತ್ರ ಸುಳೀಬೇಡ. ನಾನು ಹೋಗಿ ಸುಮ್ನೆ ವಿಚಾರಿಸ್ತೀನಿ."

ಮೇಜಿನ ಹಿಂದೆ ಪೆಲ್ಕಿ ಎಂಬ ಎಂಬತ್ತರ ಮುದುಕ ಮಡಚುವ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಬೇರೆ ಜಿಲ್ಲೆಯವನು. ಮರ್ಲ್ ಹೋಗಿ ಎರಡು ಪಿಸ್ತೂಲು ಮುಟ್ಟಿ, ಒಂದು ರೈಫಲ್ ಎತ್ತಿಟ್ಟು, ಆಕಳಿಸಿ, "ಈ ತಂತಿ ಸುತ್ತಿದ್ದಕ್ಕೇನು?" ಅಂದ.

ಮುದುಕ ಒಂದು ಕಣ್ಣು ತೆರೆದ. "ನಿನ್ನ ಹತ್ರ ಒಳ್ಳೇ ಜೇಬುಚಾಕು ಇದ್ರೆ ಕೊಟ್ಟು ತಗೊಂಡ್ಹೋಗು."

ಅಲ್ಲಿಗೆ ಮುಗಿಯಬೇಕಿತ್ತು. ಮರ್ಲನ ಮೇಜಿನ ಮೇಲೆ ಅರವತ್ತು ಚಾಕು ಇದ್ದವು. ಆದರೆ ಕೇಳಿದ ತಕ್ಷಣ ಹೂಂ ಅಂದರೆ ಅದು ವ್ಯವಹಾರವೇ ಅಲ್ಲ ಎಂಬುದು ಈ ಸಂತೆಯ ಜನರ ನಂಬಿಕೆ. "ನೋಡೋಣ" ಅಂದು ಮರ್ಲ್ ಗತ್ತಿನಿಂದ ಹಿಂದಕ್ಕೆ ಬಂದ.

ಅಷ್ಟರಲ್ಲಿ ಕ್ಷೌರದ ಗಸ್‌ಗೆ ಸುದ್ದಿ ಮುಟ್ಟಿತ್ತು. ಮರ್ಲನಿಗೆ ಚೌಕಾಸಿ ಬರುವುದಿಲ್ಲ ಎಂಬುದು ಗಸ್‌ನ ಮೂವತ್ತು ವರ್ಷದ ಅಭಿಪ್ರಾಯ. ಅವನೂ ತಾನಾಗಿಯೇ ಹೋದ. "ಯಜಮಾನ್ರೇ, ಇದು ಬರೀ ಸೌದೆ. ನಿಮ್ಮ ಮುಖ ನೋಡಿ ತಗೋತೀನಿ, ಏನು ಹೇಳ್ತೀರಿ?"

ಪೆಲ್ಕಿ ಎರಡನೆಯ ಕಣ್ಣನ್ನೂ ತೆರೆದ. "ಸೌದೆ ಕೇಳ್ಕೊಂಡು ಇಬ್ಬರು ಬಂದ್ರಲ್ಲ."

ಮೂರನೆಯವಳು ಚರ್ಚಿನ ಅಡುಗೆ ಮೇಜಿನಲ್ಲಿ ಚಿಲಿ ಸಾರು ಮತ್ತು ದಾಲ್ಚಿನ್ನಿ ರೊಟ್ಟಿಸುರುಳಿ ಬಡಿಸುತ್ತಿದ್ದ ಹೆಂಗಸು. ಸೌಟು ಹಿಡಿದೇ ಬಂದು, "ನಮ್ಮನೆ ಗೋಡೆಗೆ ತೂಗುಹಾಕೋಕೆ" ಅಂದಳು. ನಾಲ್ಕನೆಯವರು ಪಾದ್ರಿಗಳು. ಸುಳ್ಳು ಹೇಳಲು ಅವರ ಕಸುಬು ಬಿಡುವುದಿಲ್ಲ. ಆದ್ದರಿಂದ ಆರ್ವಿಡ್ ಕಂಬದ ಹಿಂದೆ ನಿಂತು ಎರಡೂ ಕೈ ಬೀಸಿ ಬೇಡ ಬೇಡ ಅನ್ನುತ್ತಿದ್ದರೂ ಹೋಗಿ ಹೇಳಿಯೇಬಿಟ್ಟರು.

"ಹಿರಿಯರೇ, ಅದು ಆ ಬಡಪಾಯಿಯ ಅಪ್ಪನ ಕೋವಿ. ಇಪ್ಪತ್ತೆರಡು ವರ್ಷದಿಂದ ಹುಡುಕ್ತಿದಾನೆ. ಕೊಟ್ಟುಬಿಟ್ರೆ ದೇವರು ನಿಮ್ಮನ್ನ ಚೆನ್ನಾಗಿಡ್ತಾನೆ."

ಪೆಲ್ಕಿ ಕೋವಿಯನ್ನು ಮೇಜಿನ ಮೇಲಿಂದ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. "ಬಡಪಾಯೀನ ಕರೀರಿ" ಅಂದ.

ಆರ್ವಿಡ್ ಬಂದ. ತಂತಿಯ ಮೇಲೆ ಬೆರಳಿಟ್ಟ. ಅಷ್ಟೆ, ಮೊದಲ ಪುಟದ ಪಾಠ ಅವನ ಮುಖದಿಂದ ಒರೆಸಿಹೋಯಿತು. ಚಿಕ್ಕವನಿದ್ದಾಗ ಅಪ್ಪ ಟ್ರ್ಯಾಕ್ಟರಿನಿಂದ ಕೋವಿ ಬೀಳಿಸಿಕೊಂಡು, ಅಡುಗೆಮನೆಯ ಮೇಜಿನ ಮೇಲೆ ಹಲ್ಲಿನಲ್ಲಿ ತಂತಿ ಎಳೆದು ಬಿಗಿದದ್ದು ಕಣ್ಣಿಗೆ ಕಟ್ಟಿತು.

"ನಿನ್ನ ಹತ್ರ ಏನೇನಿದೆ?" ಎಂದ ಪೆಲ್ಕಿ.

ಆರ್ವಿಡ್ ಬಾಯಿ ತೆರೆಯುವ ಮೊದಲೇ ಗಸ್ ಎದೆಯುಬ್ಬಿಸಿದ. "ಏನಿಲ್ಲ ಅಂತ ಕೇಳಿ! ಎಂಟು ಮೂಲೆ ನಳಿಗೆಯ ಹಳೇ ರೈಫಲ್, ಈ ಸುತ್ತಿನಲ್ಲಿ ಇನ್ನೊಂದಿಲ್ಲ. ಬೆಳ್ಳಿ ಕೆತ್ತನೆ ಜೋಡುನಳಿಗೆ, ಅದನ್ನ ನೋಡೋಕೇ ಜನ ಬರ್ತಾರೆ."

"ಅವೆರಡು ಸಾಕು" ಅಂದ ಮುದುಕ ಸಾವಧಾನವಾಗಿ. "ಮೇಲೆ ಕೊಸರಿಗೆ ಯಾವುದಾದ್ರೂ ಹಳೇದೊಂದು."

ಎಂಟು ಮೂಲೆಯದಕ್ಕಾಗಿ ಆರ್ವಿಡ್ ಆರು ವರ್ಷ ಒಬ್ಬ ವಿಧವೆಯ ಹುಲ್ಲು ಕತ್ತರಿಸಿಕೊಟ್ಟಿದ್ದ. ಆದರೂ ಕಿಸೆಯಿಂದ ಬೀರುವಿನ ಬೀಗದಕೈ ತೆಗೆದು ಮರ್ಲನಿಗೆ ಕೊಟ್ಟ. ತಾನು ಹೋದರೆ ಅಷ್ಟರಲ್ಲಿ ಬೇರೆ ಯಾರಾದರೂ ಬಂದು ವಿಚಾರಿಸಿಯಾರು ಎಂಬ ಭಯ.

"ಕೊಸರಿಗೆ ಯಾವುದು ತರ್ಲಿ?"

"ಹಿಂದಿನ ಸಾಲಲ್ಲಿ ಕೈಗೆ ಸಿಕ್ಕಿದ್ದು ತಾರೋ. ಅಲ್ಲಿರೋದೆಲ್ಲ ಕಸ."

ಒಂದು ಗಂಟೆಯ ಮೇಲೆ ಮರ್ಲ್ ಏದುಸಿರು ಬಿಡುತ್ತ ಬಂದ. ಎರಡು ಪೆಟ್ಟಿಗೆ, ಜೊತೆಗೆ ಕೆಂಪು ಕಪ್ಪು ಚೌಕಳಿ ಬಟ್ಟೆಯ ಉದ್ದ ಚೀಲವೊಂದು. ಪೆಲ್ಕಿ ಪೆಟ್ಟಿಗೆಗಳನ್ನು ತೆರೆದು ಕಣ್ತುಂಬ ನೋಡಿದ. ಚೀಲದ ಬಾಯನ್ನು ಸ್ವಲ್ಪ ಸಡಿಲಿಸಿ ಇಣುಕಿ, ಹೂಂಗುಟ್ಟಿ, ಮೇಜಿನ ಕೆಳಗೆ ತಳ್ಳಿದ. ಆ ಚೌಕಳಿ ಬಟ್ಟೆಯನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಆರ್ವಿಡನಿಗೆ ಒಂದು ಗಳಿಗೆ ಅನ್ನಿಸಿತು. ಆದರೆ ಅಷ್ಟರಲ್ಲಿ ತಂತಿ ಸುತ್ತಿದ ಕೋವಿ ಅವನ ಕೈಗೆ ಬಂತು, ಪಾದ್ರಿಗಳು ಕಣ್ಣೊರೆಸಿಕೊಂಡರು, ಗಸ್ ಎಲ್ಲರಿಗೂ ಕೇಳುವ ಹಾಗೆ "ನಾನಿಲ್ದೆ ಇದ್ದಿದ್ರೆ ಆಗ್ತಿರ್ಲಿಲ್ಲ" ಅಂದ.

ಲವೋನ್ ತಂಗಿಯ ಮನೆಯಿಂದ ಮೂರು ಗಂಟೆಗೆ ಬಂದಾಗ ಆರ್ವಿಡ್ ಅಡುಗೆಮನೆಯ ಮೇಜಿನ ಮೇಲೆ ಕೋವಿಯಿಟ್ಟುಕೊಂಡು ಕೂತಿದ್ದ. ಎದುರಿಗೆ ಕಾಫಿ ಆರಿಹೋಗಿತ್ತು.

"ಸಿಕ್ತು ಲವೋನ್. ಅಪ್ಪನ ಕೋವಿ."

ಅವಳು ಕೋಟು ಬಿಚ್ಚಲಿಲ್ಲ. ಕೋವಿಯನ್ನೂ ನೋಡಿದಳು, ಗಂಡನನ್ನೂ ನೋಡಿದಳು. "ಇದು ನಿಮ್ಮಪ್ಪಂದು ಅಂತ ಯಾರು ಹೇಳಿದ್ದು?"

"ತಂತಿ ಕಾಣಲ್ವಾ?"

"ಈ ಸೀಮೇಲಿ ಆ ಕಾಲಕ್ಕೆ ತಂತಿ ಸುತ್ತದ ಕೋವಿ ಯಾವ ಮನೇಲಿತ್ತು? ಸ್ಕ್ರೂಡ್ರೈವರ್ ಕೊಡಿಲ್ಲಿ."

ಹಿಡಿಯ ತಳಕ್ಕೆ ಬಿಗಿದಿದ್ದ ಕಬ್ಬಿಣದ ಪಟ್ಟಿಯ ಎರಡು ತಿರುಪನ್ನು ಅವಳು ಬಿಚ್ಚಿದಳು. ಒಳಗೆ ಬೋಳು ಮರ.

"ಮಾವ ನೀನು ಹುಟ್ಟಿದ ದಿನ ತಮ್ಮ ಕೋವಿಯ ಪಟ್ಟಿ ಬಿಚ್ಚಿ ಒಳಗಡೆ ಮರದ ಮೇಲೆ ನಿನ್ನ ಹೆಸರು ಕೊರೆದಿದ್ರು. ಟ್ರಕ್ಕಲ್ಲಿ ಕೂತಾಗ ನನಗೆ ಹೇಳಿದ್ರು. ನಿನಗೂ ಹೇಳಿದ್ರಂತೆ. ನೀನು ಆ ಪಿಸ್ತೂಲು ಒರೆಸ್ತಾ ಹೂಂ ಹೂಂ ಅಂದ್ಯಂತೆ."

ಆರ್ವಿಡ್ ಆ ಬೋಳು ಮರದ ಮೇಲೆ ಬೆರಳಾಡಿಸಿದ. ಲವೋನಳ ಮುಖದಲ್ಲಿ ಮಾತ್ರ ಮೆಲ್ಲಗೆ ಒಂದು ನಗು ಮೂಡಿತು, ಬಹಳ ದಿನ ಬಚ್ಚಿಟ್ಟಿದ್ದ ನಗು.

"ಏಳು, ಕೆಳಗೆ ಹೋಗೋಣ. ಎಂಟು ವರ್ಷದ ಹಿಂದೆ ಓಸ್ಟ್ಬಿಯವರ ಹೊಲಮನೆ ಸಾಮಾನು ಹರಾಜಾಯ್ತಲ್ಲ, ನೆನಪಿದೆಯಾ? ನೀನು ಬರ್ಲಿಲ್ಲ, ಯಾವುದೋ ಕೋವಿ ಸಂತೆಗೆ ಹೋಗಿದ್ದೆ. ಅಲ್ಲಿ ಸಿಕ್ತು ನನಗೆ. ಪಟ್ಟಿ ಬಿಚ್ಚಿಸಿ ಹೆಸರು ನೋಡೇ ತಂದೆ. ತಂದು ನಿನ್ನ ಬೀರುವಿನಲ್ಲೇ ಇಟ್ಟೆ, ಹಿಂದಿನ ಸಾಲಲ್ಲಿ. ಎಣ್ಣೆ ಒರೆಸುವಾಗ ಸಿಗತ್ತೆ, ಆಗ ನಿನ್ನ ಮುಖ ನೋಡಬೇಕು ಅಂತ ಆಸೆ. ಒಂದು ವಾರ ಕಾದೆ. ಒಂದು ತಿಂಗಳು ಕಾದೆ. ನೀನು ಹೊಸದು ತಂದು ಮುಂದೆ ತುರುಕ್ತಿದ್ಯೇ ಹೊರತು ಹಿಂದೆ ಕೈ ಹಾಕ್ಲೇ ಇಲ್ಲ. ಆಮೇಲೆ ನನಗೂ ಸಿಟ್ಟು ಬಂತು. ತಾನಾಗೇ ನೋಡೋವರೆಗೂ ಹೇಳಬಾರದು ಅಂತ ಸುಮ್ಮನಾದೆ. ಪುಸ್ತಕದಲ್ಲಿ ನಲವತ್ತಮೂರು, ಬೀರುವಿನಲ್ಲಿ ನಲವತ್ತನಾಲ್ಕು. ಎಂಟು ವರ್ಷದಲ್ಲಿ ಒಂದು ಸಲ ಎಣಿಸ್ಲಿಲ್ವಲ್ಲೋ ನೀನು!"

ಆರ್ವಿಡ್ ಎದ್ದು ನಿಂತ. "ಯಾವುದರಲ್ಲಿ ಸುತ್ತಿಟ್ಟಿದ್ದೆ?"

"ಮಾವನ ಹಳೇ ಬೇಟೆ ಅಂಗಿ ಇತ್ತಲ್ಲ, ಕೆಂಪು ಕಪ್ಪು ಚೌಕಳಿದು. ಅದನ್ನೇ ಹರಿದು ಚೀಲ ಹೊಲಿದೆ. ಯಾಕೆ?"

ಅವನು ಟ್ರಕ್ಕಿನ ಬೀಗದಕೈ ಹುಡುಕಿದ. ಅವಳು ಕೆಳಗಿಳಿದು ಬೀರು ನೋಡಿ ಬಂದಳು, ಆಮೇಲೆ ಏನೂ ಕೇಳದೆ ಪಕ್ಕದಲ್ಲಿ ಹತ್ತಿ ಕೂತಳು.

ಸಂತೆ ಮುಗಿಯುತ್ತ ಬಂದಿತ್ತು. ಪೆಲ್ಕಿ ಮೇಜಿನ ಬಟ್ಟೆ ಮಡಚುತ್ತಿದ್ದ. ಎಂಟು ಮೂಲೆಯದು ಅವನ ಹಿಂದೆ ಗೋಡೆಗೆ ಒರಗಿ ಯಾರದೋ ಕೋವಿಯ ಹಾಗೆ ನಿಂತಿತ್ತು. ಆರ್ವಿಡ್ ಬೆಳಗಿನ ಕೋವಿಯನ್ನು ಮೇಜಿನ ಮೇಲಿಟ್ಟು, "ಯಜಮಾನ್ರೇ, ಇದನ್ನ ನೀವೇ ಇಟ್ಕೊಳ್ಳಿ, ಅವೆರಡೂ ನಿಮಗೇ ಇರ್ಲಿ. ಆ ಕೊಸರಿನ ಚೀಲ ಮಾತ್ರ ವಾಪಸ್ ಕೊಡಿ" ಎಂದ. ಬೇಕು ಅನ್ನುವುದು ಮುಖದಲ್ಲಿ ಅಷ್ಟೇ ಅಲ್ಲ, ಮೈಯಲ್ಲೆಲ್ಲ ಕಾಣುತ್ತಿತ್ತು.

"ಅದಾ? ಅಯ್ಯೋ, ಹೋಯ್ತಲ್ಲಪ್ಪ." ಮುದುಕನಿಗೆ ನಿಜವಾಗಿಯೂ ಪಾಪ ಅನ್ನಿಸಿತು. "ಅದನ್ನ ಒಬ್ಬರೂ ಕೇಳಲಿಲ್ಲ ನೋಡು. ಕಾರಿನ ಹಿಂದೆ ಚಕ್ರದ ಮನೆ ಎಳ್ಕೊಂಡು ಊರೂರು ಸುತ್ತೋ ಗಂಡ ಹೆಂಡತಿ ಬಂದಿದ್ರು, ಯಾವೂರೋ. ನಳಿಗೆಗೆ ಬಲ್ಬು ಸಿಗಿಸಿ ದೀಪದ ಕಂಬ ಮಾಡ್ತಾರಂತೆ. ಎರಡು ಶೀಶೆ ಜಾಮ್ ಕೊಟ್ರು, ಕೊಟ್ಟುಬಿಟ್ಟೆ."

"ಯಾವ ಕಡೆ ಹೋದ್ರು?"

"ಪಶ್ಚಿಮಕ್ಕೋ, ಉತ್ತರಕ್ಕೋ. ಒಂದು ಶೀಶೆ ತಗೋ, ಚೆನ್ನಾಗಿದೆ."

ಹೆದ್ದಾರಿಯಲ್ಲಿ ಎರಡು ದಿಕ್ಕಿಗೂ ಇಪ್ಪತ್ತು ಮೈಲಿ ಹೋಗಿ ನೋಡಿದರು. ಗೋಧಿ ಹೊಲ ಬಿಟ್ಟರೆ ಏನೂ ಕಾಣಲಿಲ್ಲ. ವಾಪಸು ಬರುವಾಗ ಲವೋನ್ ಬೈದಿದ್ದರೆ ಆರ್ವಿಡನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಜಾಮಿನ ಶೀಶೆಯನ್ನು ತೊಡೆಯ ಮೇಲಿಟ್ಟುಕೊಂಡು, ಮಾವ ಕೂರುತ್ತಿದ್ದ ಹಾಗೆಯೇ ಸುಮ್ಮನೆ ಕಿಟಕಿಯಾಚೆ ನೋಡುತ್ತ ಕೂತಿದ್ದಳು.

ಮನೆಯ ಮುಂದೆ ಇಳಿದಾಗ ಮರ್ಲ್ ಬೇಲಿಗೆ ಆತುಕೊಂಡು ನಿಂತಿದ್ದ. ಉಪಕಾರ ಮಾಡಿದವನ ಕಳೆ ಮುಖದ ತುಂಬ ಇತ್ತು.

"ಲೋ ಆರ್ವಿಡ್! ನಾಳೆ ಕಾಡುಕೋಳಿ ಬೇಟೆ ಶುರು, ಮರೀಬೇಡ. ನಿಮ್ಮಪ್ಪನ ಕೋವಿ ತರ್ತೀಯ ತಾನೇ? ಎಲ್ಲಿ, ಇನ್ನೊಂದ್ಸಲ ತೋರ್ಸು ನೋಡೋಣ."

ಆರ್ವಿಡ್ ಟ್ರಕ್ಕಿನ ಬಾಗಿಲು ಹಾಕಿದ. ಅವನ ಬಾಯಿಗೆ ಆ ಹೊತ್ತಿಗೆ ಬಂದದ್ದು ಒಂದೇ ಮಾತು.

"ಇಲ್ಲ ಕಣೋ, ರಿಪೇರಿಗೆ ಕೊಟ್ಟಿದೀನಿ."