ಓಡುವವಳ ಜಪಸರ

ದೇವರನ್ನೇ ಕಾಯಿಸುವ ಧೈರ್ಯ ಯಾರಿಗಿದೆ ಹೇಳಿ? ನನ್ನ ತಂಗಿಗಿದೆ! ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಳ್ಳುತ್ತಾ ಯೇಸುವಿನ ಪಟದ ಕಡೆ ತಿರುಗಿ, "ಒಂದ್ನಿಮಿಷ ಸ್ವಾಮಿ, ಬಂದ್ಬಿಟ್ಟೆ" ಎಂದು ಹೊರಟರೆ ಬರುವುದು ಮಧ್ಯಾಹ್ನಕ್ಕೆ. ಬಂದವಳು ಪಟದ ಕಡೆ ನೋಡದೆ ನೇರ ಅಡುಗೆಮನೆಗೆ. ಆತ ಎರಡು ಸಾವಿರ ವರ್ಷಗಳಿಂದ ಕಾದು ಅಭ್ಯಾಸವಾದವನು, ಪಾಪ, ಏನೂ ಅನ್ನುವುದಿಲ್ಲ.

ನಾನು ಹಾಗಲ್ಲ. ಸಿಸ್ಟರುಗಳ ಹಾಸ್ಟೆಲಿನಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು, ಗಂಟೆಯ ಸದ್ದಿಗೆ ಮೊಣಕಾಲೂರಿ ಬೆಳೆದವಳು. ಆಮೇಲೆ ಶಾಲೆಯಲ್ಲಿ ಮೇಷ್ಟರಮ್ಮನಾಗಿ ನಾನೇ ಗಂಟೆ ಹೊಡೆಸಿದೆ. ನಿವೃತ್ತಳಾದರೂ ಸಂಜೆ ಏಳಾಯಿತೆಂದರೆ ಮೊಣಕಾಲು ತಾನಾಗಿ ಮಡಚಿಕೊಳ್ಳುತ್ತದೆ. ಹೋದ ವರ್ಷ ತಂಗಿಯ ಗಂಡ ತೀರಿಕೊಂಡಾಗ, ಅವಳೊಬ್ಬಳೇ ಇರಬಾರದೆಂದು ಯಲಹಂಕದ ಮನೆ ಬಿಟ್ಟು ಆರ್.ಟಿ. ನಗರಕ್ಕೆ ಬಂದೆ. ಒಬ್ಬಳೇ ಇರಬಾರದು ಎನ್ನುವುದು ನೆಪ. ನನಗೆ ಬೇಕಾಗಿದ್ದು ಆ ಮನೆಯ ಸಂಜೆಯ ಜಪಸರ. ಹಿಂದೆಲ್ಲಾ ಭಾನುವಾರ ಬಂದಾಗ ಗಂಡ ಹೆಂಡತಿ ಇಬ್ಬರ ದನಿ ಗೇಟಿನಲ್ಲೇ ಕೇಳಿಸುತ್ತಿತ್ತು. ಚಪ್ಪಲಿ ಬಿಡುವ ಮೊದಲೇ ಮನಸ್ಸು ಹಗುರಾಗುತ್ತಿತ್ತು. ಅದು ಮತ್ತೆ ಶುರುವಾಗಬೇಕು, ಆ ಮನೆಯಲ್ಲಿ ಏಳು ಗಂಟೆಗೆ ಪ್ರಾರ್ಥನೆ ನಡೆಯಬೇಕು. ಬೇರೇನೂ ಆಸೆ ಇರಲಿಲ್ಲ ನನಗೆ.

ಆದರೆ ಅವಳಿಗೆ ಸಮಯ ಬೇಕಲ್ಲ! ಮನೆಯಲ್ಲೇ ಕೇಕ್ ಮಾಡಿ ಮಾರುತ್ತಾಳೆ. ಬರ್ತ್‌ಡೇ, ನಾಮಕರಣ, ಮಕ್ಕಳ ಮೊದಲ ಪರಮಪ್ರಸಾದ, ರಂಜಾನ್, ಯಾರದೋ ನಾಯಿಯ ಹುಟ್ಟುಹಬ್ಬ, ಯಾವುದಕ್ಕೂ ಇಲ್ಲವೆನ್ನುವುದಿಲ್ಲ. ಹಾಗಾದರೆ ಜಪ? ಅದೆಲ್ಲ ಕೇಕ್ ಮುಟ್ಟಿಸುವ ದಾರಿಯಲ್ಲಿ. ಆರ್.ಟಿ. ನಗರದಿಂದ ಹೆಬ್ಬಾಳದವರೆಗೆ ಒಂದು ರಹಸ್ಯ (ಯೇಸುವಿನ ಬಾಳಿನ ಒಂದು ಘಟನೆ ನೆನೆದು ಹೇಳುವ ಹತ್ತು ಮಣಿ), ಮೇಲ್ಸೇತುವೆಯ ಮೇಲೆ ಇನ್ನೊಂದು, ಯಲಹಂಕ ಮುಟ್ಟುವುದರೊಳಗೆ ಜಪಸರ ಮುಗಿದಿರುತ್ತದೆ. "ದುಃಖದ ರಹಸ್ಯಕ್ಕೆ ಹೆಬ್ಬಾಳದ ಜಾಮ್‌ಗಿಂತ ಒಳ್ಳೆ ಜಾಗ ಎಲ್ಲಿದೆ ಅಕ್ಕ?" ಎಂದು ನನ್ನನ್ನೇ ಕೇಳುತ್ತಾಳೆ.

ಒಮ್ಮೆ ಕೇಕಿನ ಡಬ್ಬ ಹಿಡಿದು ನಾನೂ ಅವಳ ಸ್ಕೂಟರಿನ ಹಿಂದೆ ಕೂತಿದ್ದೆ. ಹೆಬ್ಬಾಳದಲ್ಲಿ ಟ್ರಾಫಿಕ್ ಪೊಲೀಸಪ್ಪ ಕೈ ಅಡ್ಡ ಹಾಕಿದ.

"ಏನ್ ಮೇಡಂ, ಗಾಡಿ ಓಡಿಸ್ತಾ ಫೋನಲ್ಲಿ ಮಾತಾಡ್ತಿದೀರಾ? ಹೆಲ್ಮೆಟ್ ಒಳಗೆ ಬಾಯಿ ಆಡ್ತಾ ಇದೆ!"

"ಫೋನಲ್ಲ ಸಾರ್, ಮರಿಯಮ್ಮನವರ ಹತ್ರ ಮಾತಾಡ್ತಿದೀನಿ."

"ಯಾರಾದ್ರೇನು, ಗಾಡಿ ಓಡಿಸ್ತಾ ಮಾತಾಡಂಗಿಲ್ಲ. ಸೈಡಿಗ್ ಹಾಕಿ, ಲೈಸೆನ್ಸ್ ತೋರ್ಸಿ!"

ಅವಳು ಸೈಡಿಗೆ ಹಾಕಿ, ಕೊರಳಿನ ಜಪಸರ ತೆಗೆದು ತೋರಿಸಿದಳು. ಲೈಸೆನ್ಸ್ ಕೇಳಿದರೆ ಜಪಸರ ತೋರಿಸುವವಳನ್ನು ಆತ ಸೇವೆಯಲ್ಲಿ ಮೊದಲ ಸಲ ಕಂಡಿರಬೇಕು! ದನಿ ತಗ್ಗಿಸಿ, "ಹೋಗ್ಲಿ ಬಿಡಿ. ಹಂಗೇ ನನ್ ಮಗಳ ಪಿಯುಸಿಗೂ ಒಂದ್ ಹೇಳಿ" ಎಂದ. ಆ ಹುಡುಗಿ ಪಾಸಾದಳು. ಅಂದಿನಿಂದ ಇವಳು ಆ ದಾರಿಯಲ್ಲಿ ಬಂದರೆ ಆತ ಒಂದು ಕೇಕಿನ ಡಬ್ಬ ಹಿಡಿಯುವಷ್ಟು ದಾರಿ ಬಿಡಿಸಿಕೊಡುತ್ತಾನೆ.

ಅಡುಗೆಮನೆಯಲ್ಲೂ ಜಪವೇ ಗಡಿಯಾರ. ಬೆಣ್ಣೆ ಸಕ್ಕರೆ ನೊರೆಯಾಗಲು ಒಂದು ರಹಸ್ಯ, ಮೊಟ್ಟೆ ಬಡಿಯಲು ವಿಶ್ವಾಸ ಪ್ರಮಾಣವೆಂಬ ಪ್ರಾರ್ಥನೆ ಒಂದು ಸಲ. ಮೇಲಿನ ಮನೆಗೆ ಹೊಸದಾಗಿ ಮದುವೆಯಾಗಿ ಬಂದ ಮುಸ್ಲಿಂ ಹುಡುಗಿ ಕೇಕ್ ಕಲಿಯಲು ಬಂದಳು. ತಂಗಿ ಗಂಭೀರವಾಗಿ, "ಮೊಟ್ಟೆ ಹಾಕಿ ಒಂದ್ ವಿಶ್ವಾಸ ಪ್ರಮಾಣ ಹೇಳೋಷ್ಟ್ ಹೊತ್ತು ತಿರುಗ್ಸು" ಎಂದಳು.

"ಅರೆ ಆಂಟಿ, ನಂಗೆ ಅದು ಬರಲ್ವಲ್ಲಾ! ನಮ್ದು ದುವಾದಲ್ಲಿ ಎಷ್ಟಾಗ್ತದೆ, ಅದು ಹೇಳಿ!"

ಇವಳು ಪೆಚ್ಚಾದಳು. "ನಿಂಗೆ ಬರೋದೇ ಹೇಳಮ್ಮ. ಆದ್ರೆ ಅವಸರ ಮಾಡ್ಬೇಡ" ಎಂದಳು. ಯಾರು? ಇವಳು! ಆ ಹುಡುಗಿಯ ಕೇಕ್ ಇವಳದಕ್ಕಿಂತ ಒಂದು ಬೆರಳು ಎತ್ತರ ಉಬ್ಬಿತು.

ಚರ್ಚಿನ ಫಾದರ್ ಹತ್ತಿರವೂ ಇವಳದು ಚೌಕಾಸಿಯೇ. ಪಾಪನಿವೇದನೆಗೆ ಹೋಗಿ, "ಮನೇಲಿ ಪ್ರಾರ್ಥನೆಗೆ ಕೂರೋಕೆ ಟೈಮ್ ಆಗ್ತಿಲ್ಲ ಫಾದರ್" ಎಂದಳಂತೆ. ಅವರು ದಿನಕ್ಕೆ ಹದಿನೈದು ನಿಮಿಷ ದೇವರ ಮುಂದೆ ಸುಮ್ಮನೆ ಕೂರಿ ಅಂದರಂತೆ. ಇವಳು, "ಸುಮ್ನೆನಾ? ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಫಾದರ್" ಎಂದಳಂತೆ! ರಸೆಲ್ ಮಾರುಕಟ್ಟೆಯಲ್ಲಿ ಮೀನು ಕೊಳ್ಳುವ ಬಾಯಿ ಎಲ್ಲಿ ಹೋದರೂ ಅದೇ ತಾನೇ? ಇದನ್ನು ಮನೆಗೆ ಬಂದು ಅವಳೇ ಹೇಳಿ ನಕ್ಕಳು. ನಾನು ನಗಲಿಲ್ಲ. ಎಷ್ಟಕ್ಕೆ ಇಳಿಸಿದೆ ಎಂದು ಕೇಳಿದೆ. "ಅವರು ಇಳೀಲಿಲ್ಲ ಅಕ್ಕ" ಎಂದು ಹಿಟ್ಟು ಜರಡಿ ಹಿಡಿಯಲು ಎದ್ದಳು.

ನಾನೇನು ಬಿಡುವವಳೇ? ಪ್ರತಿ ಸಂಜೆ ಏಳಕ್ಕೆ ಸರಿಯಾಗಿ ಮರಿಯಮ್ಮನವರ ಮುಂದೆ ಮೇಣದ ಬತ್ತಿ ಹಚ್ಚಿ, ಎರಡು ಚಾಪೆ ಹಾಸಿ, "ಬಾರೇ!" ಎಂದು ಕೂಗುವುದು.

"ಓವನಲ್ಲಿ ಕೇಕ್ ಇದೆ ಅಕ್ಕ, ಬಿಟ್ ಬರೋಕಾಗಲ್ಲ. ನೀನು ಹೇಳ್ತಿರು."

ದಿನವೂ ಓವನಿನಲ್ಲಿ ಕೇಕ್. ಒಂದು ಸಂಜೆ ನನಗೆ ತಾಳ್ಮೆ ಕೆಟ್ಟಿತು. ಜಪದ ನಡುವೆ ಎದ್ದು (ನನ್ನ ಜೀವಮಾನದಲ್ಲಿ ಹಾಗೆ ಎದ್ದದ್ದೇ ಇಲ್ಲ) ಅಡುಗೆಮನೆಗೆ ಹೋದೆ. ಅವಳು ಹಿತ್ತಿಲ ಬಾಗಿಲಲ್ಲಿ ಬೆನ್ನು ಮಾಡಿ ನಿಂತಿದ್ದಳು. ಓವನ್ ಮುಟ್ಟಿ ನೋಡಿದೆ. ತಣ್ಣಗಿತ್ತು. ಮಕ್ಕಳ ಸುಳ್ಳು ಹಿಡಿದು ಬೆಂಚಿನ ಮೇಲೆ ನಿಲ್ಲಿಸಿಯೇ ಆಯುಷ್ಯ ಕಳೆದ ನಾನು, ಅಂದು ಬಂದ ಹಾಗೇ ಚಾಪೆಗೆ ಮರಳಿದೆ. ಸಮಯವಿಲ್ಲ ಎನ್ನುವವಳಿಗೆ ವೇಳಾಪಟ್ಟಿ ಹಾಕಿಕೊಡಬಹುದು. ಸಮಯವಿದ್ದೂ ಕೂರಲಾರದವಳಿಗೆ ಏನು ಹಾಕಿಕೊಡುವುದು?

ಮಾರನೆಯ ದಿನದಿಂದ ಕರೆಯುವುದನ್ನು ನಿಲ್ಲಿಸಿದೆ. ಚಾಪೆ ಮಾತ್ರ ಎರಡೂ ಹಾಸುತ್ತಿದ್ದೆ. ಕೆಲವು ದಿನ ಕಳೆದ ಮೇಲೆ, ಒಂದು ಸಂಜೆ, ಕೈಯ ಮೈದಾ ತೊಳೆಯದೆಯೇ ಬಂದು ಪಕ್ಕದಲ್ಲಿ ಕೂತಳು. ನಾನು ಅವಳತ್ತ ನೋಡಲಿಲ್ಲ. ನೋಡಿದರೆ ಎದ್ದು ಹೋದಾಳೆಂಬ ಭಯ! ಜಪಸರ ಅವಳ ಕೈಗೆ ಕೊಟ್ಟೆ.

ನಮ್ಮಲ್ಲಿ ಜಪಸರ ಒಬ್ಬರೇ ಹೇಳುವುದಲ್ಲ. ಒಬ್ಬರು 'ನಮೋ ಮರಿಯಾ' ಎಂದು ಮೊದಲರ್ಧ ಹೇಳುತ್ತಾರೆ, ಉಳಿದವರು 'ಸಂತ ಮರಿಯಾ' ಎಂದು ಎರಡನೆಯ ಅರ್ಧ ಹೇಳಿ ಮುಗಿಸುತ್ತಾರೆ. ಈ ಮನೆಯಲ್ಲಿ ಮೊದಲರ್ಧ ಇವಳದು, ಎರಡನೆಯದು ಇವಳ ಗಂಡನದು. ಯಶವಂತಪುರದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ದುಡಿದ ಮನುಷ್ಯ. ಪ್ರಾರ್ಥನೆಯ ಒಂದೊಂದು ಪದವನ್ನೂ ಲೇತಿಗೆ ಕೊಟ್ಟು, ತಿರುಗಿಸಿ, ನಯ ಮಾಡಿ ಹೊರಬಿಡುತ್ತಿದ್ದರು. ಇವಳಿಗೋ ಒಲೆಯ ಮೇಲೆ ಸಾರು! ಅವರ ಬಾಯಲ್ಲಿ ಅರ್ಧವಿರುವಾಗಲೇ ಮುಂದಿನ ಮಣಿಗೆ ಹಾರುತ್ತಿದ್ದಳು. "ನನ್ ಆಮೆನ್ ಒಂದ್ ದಿನಾನೂ ದೇವರಿಗೆ ಮುಟ್ಟಿಲ್ಲ ಕಣೆ, ನೀನೇ ನುಂಗ್ಬಿಡ್ತೀಯ" ಎಂದು ಆ ಪುಣ್ಯಾತ್ಮ ದೂರುತ್ತಿದ್ದರು. "ಬೇಗ ಹೇಳಿದ್ರೆ ಮುಟ್ಟುತ್ತೆ" ಎಂದು ಇವಳ ಉತ್ತರ.

ಅಂದು ಅವಳು ತನ್ನ ಅರ್ಧ ಹೇಳಿ ನಿಲ್ಲಿಸಿದಳು. ಹಾಸ್ಟೆಲಿನ ಅಭ್ಯಾಸ, ನಾನು ತಕ್ಷಣ "ಸಂತ ಮರಿಯಾ" ಎಂದು ಶುರುಮಾಡಿದೆ. ಅವಳು ಮೈದಾ ಹತ್ತಿದ ಕೈಯನ್ನು ನನ್ನ ಮೊಣಕಾಲಿನ ಮೇಲಿಟ್ಟಳು.

"ತಡಿ ಅಕ್ಕ. ಅವರು ಇಷ್ಟ್ ಬೇಗ ಹೇಳಲ್ಲ."

ನಾನು ಬಾಯಿ ಮುಚ್ಚಿದೆ. ಅವಳ ತುಟಿ ಆಡಲಿಲ್ಲ, ಬೆರಳು ಮಣಿಯ ಮೇಲೆಯೇ ನಿಂತಿತ್ತು. ಬೀದಿಯಲ್ಲಿ ಆಟೋಗಳು ಹೋದವು. ಒಳಗೆ ಅವಳ ಫೋನು ಬಡಿದುಕೊಂಡು, ನಿಂತು, ಮತ್ತೆ ಬಡಿದುಕೊಂಡಿತು. ಯಾರದೋ ಕೇಕಿನ ಆರ್ಡರ್ ಇರಬೇಕು. ಅವಳು ಏಳಲಿಲ್ಲ. ಅವರ ಸರದಿ ಇನ್ನೂ ಮುಗಿದಿರಲಿಲ್ಲ.