ಕಂಪ್ಲಿ ಬಸ್ಸಿಗೆ ಸಂಡೂರಿನ ಕೆಂಪು

ಜಪಾನ್ ಕೆಟ್ಟಿದ್ದು ಯಾವಾಗ ಎಂದು ಕಂಪ್ಲಿಯಲ್ಲಿ ಯಾರನ್ನಾದರೂ ಕೇಳಿ, ಹೇಳುತ್ತಾರೆ! ನಮ್ಮಣ್ಣ ತನ್ನ ರೈಸ್ ಮಿಲ್ಲಿಗೆ ಬಂದವರನ್ನು ಆ ಪಾಠ ಹೇಳದೆ ಬಿಟ್ಟದ್ದುಂಟೇ?

ಈ ಹುಚ್ಚು ಹಿಡಿದದ್ದು ಅತ್ತಿಗೆಗೆ ಸ್ಟ್ರೋಕ್ ಆಗಿ ಬಲಗೈ ಸೋತ ವರ್ಷ. ಹಿಸುಕಲು ಡಾಕ್ಟರ್ ಕೊಟ್ಟ ರಬ್ಬರ್ ಚೆಂಡನ್ನು ಅತ್ತಿಗೆ ಎಡಗೈಯಿಂದ ನಾಯಿಗೆ ಎಸೆದಿದ್ದರು. "ನಾ ಏನ್ ಕೂಸೇನ್ರಿ, ಚೆಂಡು ಆಡಾಕ?" ಬಲಗೈ ಮಡಿಲು ಬಿಟ್ಟು ಏಳಲಿಲ್ಲ.

ಆಗಲೇ ಹಂಪಿಯಲ್ಲಿ ಜಪಾನಿ ಟೂರಿಸ್ಟ್ ಒಬ್ಬಳು ಅಣ್ಣನಿಗೊಂದು ಪುಸ್ತಕ ಕೊಟ್ಟಳು. ತುಂಬ ಮರದಚ್ಚಿನ ಚಿತ್ರಗಳು. ಜಪಾನಿಗೆ ಹೊಸದಾಗಿ ರೈಲು, ಕೋಟು, ಗ್ಯಾಸ್ ದೀಪ ಬಂದ ಕಾಲದವು. ಕಿಮೋನೊ ಹೆಂಗಸರು ವಿಲಾಯ್ತಿ ಕೊಡೆ ಹಿಡಿದು ಹೊಗೆಬಂಡಿ ನೋಡುತ್ತಿದ್ದಾರೆ.

"ವೆರಿ ಪ್ರೆಟಿ," ಎಂದೆ.

"ಏನ್ ಪ್ರೆಟಿ ಲೇ! ಆ ಕೆಂಪು ನೋಡು, ಕಣ್ಣಿಗೆ ಹೊಡೀತೈತಿ. ವಿಲಾಯ್ತಿ ಬಣ್ಣ. ಅಲ್ಲೇ ಕೆಟ್ಟ್ರು!"

ಕಾನ್ವೆಂಟಿನಲ್ಲಿ ಕಂಡರಿಯದ ಡ್ಯಾಫೊಡಿಲ್ ಹೂವಿಗೆ ಬಣ್ಣ ಹಚ್ಚಿದವಳು ನಾನು. ಬಾಯಿ ಬಿಡುವ ಹಕ್ಕೆಲ್ಲಿ?

ಜಪಾನಿನ ತಪ್ಪು ತಿದ್ದಲು ಅಣ್ಣನೇ ಹೊರಟ. ಮರದ ಹಲಗೆಯಲ್ಲಿ ಕೆತ್ತಿದ್ದು ಎದುರಿಗೆ ಬರುವ ಕಂಪ್ಲಿ ಬಸ್ಸಿನ ಚಿತ್ರ, ಬಣ್ಣ ಅಪ್ಪಟ ಸ್ವದೇಶಿ. ಎಲ್ಲಿಯದು? ಸಂಡೂರಿನ ನನ್ನ ಮನೆಯ ಕರ್ಟನ್ನಿನದು! ಅದಿರು ಲಾರಿಗಳ ಕೆಂಪು ಧೂಳನ್ನು ಜಾಮ್ ಬಾಟಲಿಗೆ ಉದುರಿಸಿಕೊಂಡು ಹೇಳಿದ: "ಎರಡು ವಾರ ಝಾಡಿಸಬ್ಯಾಡ. ಬೆಳಿ ಬರಲಿ."

ಮೊದಲ ಅಚ್ಚು ಒತ್ತಿದಾಗ ಕಾಗದ ಹರಿಯಿತು. ಉಳಿದ ತುಂಡು ನೋಡಿ ನಾನೆಂದೆ, "ಅಣ್ಣಾ, ಡ್ರೈವರ್ ಎಡಗಡಿ ಸೀಟಿನ್ಯಾಗ ಕುಂತಾನ." ಅಚ್ಚು ತಿರುವುಮುರುವಾಗುವುದೇ ಅವನಿಗೆ ಮರೆತಿತ್ತು.

"ಅಯ್ಯ, ಇದೂ ಫಾರಿನ್ ಆತಲ್ಲಲೇ!"

ಮತ್ತೆ ಕೆತ್ತಿದ. ಜಪಾನಿನಲ್ಲಿ ಕೆತ್ತುವವನು ಬೇರೆ, ಒತ್ತುವವನು ಬೇರೆಯಂತೆ. ಹಲಗೆ ಹೊತ್ತು ಅತ್ತಿಗೆಯ ಮುಂದೆ ಕುಳಿತ. "ನಂದು ಒರಟು ಕೈ. ರೊಟ್ಟಿ ಬಡಿದ ಕೈನೇ ಬೇಕು, ಒತ್ತು."

"ದಿನಾ ಒಂದು ಬಸ್ಸು! ಒತ್ತದಿದ್ರ ಊಟಾನೇ ಮಾಡಂಗಿಲ್ಲ ಈ ಮನುಷ್ಯ," ಎಂದು ಅತ್ತಿಗೆ ನನ್ನ ಬಳಿ ದೂರಿದರು.

ಬಸ್ಸೋ, ಕ್ಯಾಟರ್ಯಾಕ್ಟ್ ಕಣ್ಣಿಗೆ ಕಂಡಂತೆ! ನಾನು ಪ್ರಾಕ್ಟಿಕಲ್. "ಹೊಸಪೇಟೆ ಪ್ರೆಸ್ಸಿಗೆ ಕೊಡು. ತಾಸಿಗೆ ಸಾವಿರ ಮಾಡ್ತಾರ."

"ಆ ಮಷೀನಿಗೇನಾಗೈತಿ ಒತ್ತಾಕ?" ಎಂದ. ತಲೆ ಕೆಟ್ಟಿದೆ ಎಂದುಕೊಂಡೆ.

ಕಳೆದ ವಾರ ಹೋದರೆ ಮಿಲ್ಲಿನುದ್ದಕ್ಕೂ ಹಗ್ಗ; ಹಗ್ಗದ ತುಂಬ ಬಸ್ಸು, ಒತ್ತಿದ ಕ್ರಮದಲ್ಲೇ. ಮೊದಲ ಹಾಳೆಯಲ್ಲಿ ಬರೀ ಒಂದು ಗಾಲಿಯ ನೆರಳು. ಮುಂದೆ ಕಿಟಕಿ ಮೂಡಿತ್ತು. ಇನ್ನೂ ಮುಂದೆ ಡ್ರೈವರಿಗೆ ಮೀಸೆ. ಕೊನೆಯದರಲ್ಲಿ ಇಡೀ ಬಸ್ಸು, ಕೆಂಪಗೆ, ಭರ್ತಿ.

"ಬಣ್ಣ ಜಾಸ್ತಿ ಹಾಕೀಯೇನು?" ಎಂದೆ.

"ಬಣ್ಣ ಅಷ್ಟೇ ಐತಿ ತಂಗಿ," ಅಣ್ಣನ ದನಿ ಇಳಿಯಿತು. "ಕೈ ಬಂದೈತಿ."

ಒಳಗಿನಿಂದ ಅತ್ತಿಗೆ ಕೂಗಿದರು: "ಇವತ್ತಿನ ಬಸ್ಸೆಲ್ಲಿ? ಜಲ್ದಿ ತರ್ರಿ!"