ಗುಂಡಿ ಕಂಪನಿಯ ದುಡ್ಡು

ಗುಂಡಿ ತಯಾರಿಸುವ ಕಂಪನಿಯನ್ನು ಅದಕ್ಕಿಂತ ದೊಡ್ಡ ಕಂಪನಿಯೊಂದು ನುಂಗಿ ನೀರು ಕುಡಿದದ್ದೇ ಟೈಲರ್ ತಲೆನೋವಿಗೆ ಕಾರಣವಾಯಿತು. ಬಟ್ಟೆ ಹರಿದರೂ ಆ ಗುಂಡಿ ಒಡೆಯುವುದಿಲ್ಲ ಎಂಬ ಒಂದೇ ನಂಬಿಕೆಯಿಂದ ಅವನು ಹಿಂದೆ ಅದರ ಷೇರು ಕೊಂಡಿದ್ದ. ಈಗ ಷೇರು ಹೋಗಿ, ಅದರ ದುಡ್ಡು ಬ್ಯಾಂಕಿಗೆ ಬಂದು ಕೂತಿತ್ತು.

"ಇವತ್ತೇ ಬೇರೆ ಯಾವುದಾದ್ರೂ ಷೇರಿಗೆ ಹಾಕಿಬಿಡಿ. ಇಲ್ಲಾಂದ್ರೆ ನನ್ನ ತಮ್ಮ ಕೇಳ್ತಿದ್ದಾನೆ, ಕೊಡೋಣ" ಎಂದಳು ಹೆಂಡತಿ.

ಭಾವಮೈದ ಇದುವರೆಗೆ ಕೈಹಾಕಿದ ವ್ಯಾಪಾರಗಳೆಲ್ಲ ಮುಳುಗಿದ್ದವು, ಟೈಲರ್ ದುಡ್ಡಿನ ಸಮೇತ. ಹಾಗಾಗಿ ಅಂಗಡಿ ಬಾಗಿಲು ತೆಗೆಯುತ್ತಲೇ ಅವನು ಕಂಡವರನ್ನೆಲ್ಲ ಸಲಹೆ ಕೇಳತೊಡಗಿದ. ಮಾಡಿದ ತಪ್ಪು ಅದೇ.

ಮಹಡಿ ಮೇಲಿನ ನಿವೃತ್ತ ಮೇಷ್ಟ್ರು ಪ್ಯಾಂಟಿನ ಅಳತೆ ಕೊಡಲು ಬಂದವರು ಸೊಂಟಕ್ಕೆ ಟೇಪು ಸುತ್ತಿಕೊಂಡೇ ಪಾಠ ಶುರುಮಾಡಿದರು. "ಸಿಮೆಂಟಿಗೆ ಹಾಕಯ್ಯ. ಮನೆ ಕಟ್ಟೋದನ್ನ ಜನ ಯಾವತ್ತಾದ್ರೂ ನಿಲ್ಲಿಸ್ತಾರಾ?"

"ನೀವೂ ಅದಕ್ಕೇ ಹಾಕಿದೀರಾ ಸಾರ್?"

"ನಂದು ಬ್ಯಾಂಕಲ್ಲಿದೆ. ಈ ವಯಸ್ಸಲ್ಲಿ ರಿಸ್ಕ್ ಯಾಕೆ?"

ಎದುರು ಕಂಬದ ಏಣಿ ಮೇಲಿದ್ದ ಎಲೆಕ್ಟ್ರಿಷಿಯನ್ ಅಲ್ಲಿಂದಲೇ ಕೂಗಿದ: "ಮೇಷ್ಟ್ರ ಮಾತು ಕೇಳಿದ್ರೆ ಕೆಟ್ರಿ. ಇನ್ನೇನಿದ್ರೂ ಬ್ಯಾಟರಿ ಕಾಲ." ಮೇಷ್ಟ್ರು ಬಾಲ್ಕನಿಗೆ ಹತ್ತಿ ಅಲ್ಲಿಂದ ಉತ್ತರ ಕೊಟ್ಟರು. ಇಸ್ತ್ರಿಯವಳು ಚಿನ್ನದ ಪರ ದನಿ ಎತ್ತಿದಳು. ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿ ಸಂತೆಯಂತಾಗಿ, ಆ ಗದ್ದಲದಲ್ಲಿ ಟೈಲರ್ ಒಂದು ಅಂಗಿಗೆ ಎರಡೂ ಎಡತೋಳನ್ನೇ ಹೊಲಿದುಬಿಟ್ಟ.

ಅದನ್ನು ಬಿಚ್ಚುತ್ತ ಕೂತಾಗ ಅವನಿಗೊಂದು ವಿಚಿತ್ರ ಕಾಣಿಸಿತು. ಸಲಹೆ ಕೊಟ್ಟವರೆಲ್ಲ ನೆಟ್ಟಗೆ ಪಕ್ಕದ ಔಷಧಿ ಅಂಗಡಿಗೆ ಹೋಗಿ, ಏನನ್ನೋ ಚೀಪುತ್ತ ಬರುತ್ತಿದ್ದರು. ಕುತೂಹಲ ತಡೆಯದೆ ಎದ್ದುಹೋಗಿ ನೋಡಿದ. ಗಂಟಲು ನೋವಿಗೆ ಚೀಪುವ ಮಾತ್ರೆ. ತುಂಬಿದ್ದ ಡಬ್ಬಿ ಅರ್ಧಕ್ಕಿಳಿದಿತ್ತು, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ತಳವೇ ಕಾಣುತ್ತಿತ್ತು.

ಟೈಲರ್‌ಗೆ ಜ್ಞಾನೋದಯವಾಯಿತು. ಬಾಯಲ್ಲಿ ಸಿಮೆಂಟು, ಬ್ಯಾಟರಿ ಅನ್ನುವ ಜನ ಬಾಯಿಗೆ ಹಾಕಿಕೊಳ್ಳುವುದು ಇದನ್ನು. ಗುಂಡಿಯನ್ನೂ ಅವನು ಹೀಗೆ ಕಣ್ಣಾರೆ ಕಂಡೇ ನಂಬಿದ್ದಲ್ಲವೇ? ಮಾತ್ರೆಯ ಕಾಗದದ ಮೇಲಿದ್ದ ಹೆಸರನ್ನು ಮೊಬೈಲಿನಲ್ಲಿ ಹುಡುಕಿ, ಷೇರುಪೇಟೆ ಮುಚ್ಚುವ ಮುಂಚೆ ಅಷ್ಟೂ ದುಡ್ಡನ್ನು ಆ ಕಂಪನಿಗೆ ಸುರಿದ. ಎದೆಯ ಭಾರ ಇಳಿಯಿತು.

ಸಂಜೆ ಬೀಗುತ್ತ ಔಷಧಿ ಅಂಗಡಿಗೆ ಹೋದ. "ಈ ಮಾತ್ರೆ ದಿನಾ ಹೀಗೇ ಖರ್ಚಾಗುತ್ತಾ?"

"ದಿನಾನಾ?" ಅಂಗಡಿಯವರು ನಕ್ಕರು. "ಹೋದ ಚಳಿಗಾಲದಿಂದ ಕೂತಿತ್ತು ಟೈಲರೇ, ವಾಪಸ್ ಕಳಿಸೋಣ ಅಂತಿದ್ದೆ. ಇವತ್ತು ನಿಮಗೆ ಬುದ್ಧಿ ಹೇಳಿ ಹೇಳಿ ಬೀದಿಯವರ ಗಂಟಲೆಲ್ಲ ಕಟ್ಟಿಹೋಯ್ತು ನೋಡಿ."

ಅಷ್ಟರಲ್ಲಿ ಮೊಬೈಲು ಹೊಡೆದುಕೊಂಡಿತು. "ಎಲ್ಲಿ ಹಾಕಿದ್ರಿ?" ಎಂದಳು ಹೆಂಡತಿ. ಟೈಲರ್ ಬಾಯಿ ತೆರೆದ, ಸ್ವರ ಹೊರಡಲಿಲ್ಲ. ಒಂದು ಮಾತ್ರೆ ಕೊಡಿ ಎಂದು ಡಬ್ಬಿಯತ್ತ ಕೈ ತೋರಿಸಿದ.

ಅಂಗಡಿಯವರು ಡಬ್ಬಿಯನ್ನು ಬೋರಲು ಹಾಕಿ ತೋರಿಸಿದರು. "ಕಡೇದನ್ನ ನಿಮ್ಮ ಭಾವಮೈದ ತಗೊಂಡ. ಅಕ್ಕನ ಹತ್ರ ದುಡ್ಡು ಕೇಳಿ ಕೇಳಿ ಅವನ ಗಂಟಲೂ ಹೋಗಿದೆಯಂತೆ. ಮಾತ್ರೆ ದುಡ್ಡು ಭಾವನ ಹತ್ರ ಇಸ್ಕೊಳ್ಳಿ ಅಂದ."